ಬ್ಯಾಟರಿಗೆ ಬೇಡದ ಉಪಚಾರ

ಹೊಸ ಫೋನ್ ತಂದೊಡನೆ ಎಂಟು ಗಂಟೆ ಚಾರ್ಜ್ ಮಾಡಬೇಕು, ಪೂರ್ತಿ ಖಾಲಿಯಾದ ಮೇಲೆಯೇ ಮತ್ತೆ ಚಾರ್ಜರ್ ಸಿಕ್ಕಿಸಬೇಕು ಎಂಬ ಉಪದೇಶ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಅದು ಹುಟ್ಟಿದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಲ್ಲಿ. ಅವುಗಳನ್ನು ಅರ್ಧ ಖಾಲಿಯಾದಾಗಲೇ ಪದೇಪದೇ ತುಂಬಿಸಿದರೆ ಕೆಲವೊಮ್ಮೆ ಸಾಮರ್ಥ್ಯ ಕುಗ್ಗಿದಂತೆ ವರ್ತಿಸುತ್ತಿದ್ದವು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಅದರ ಹಿಂದಿನ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು. ಬ್ಯಾಟರಿ ಬದಲಾಯಿತು, ಉಪದೇಶ ಮಾತ್ರ ಬದಲಾಗಲಿಲ್ಲ.

ಇಂದಿನ ಫೋನು, ಲ್ಯಾಪ್‌ಟಾಪ್‌ಗಳ ಬ್ಯಾಟರಿಗೆ ನಿಜವಾಗಿ ಆಗದಿರುವುದು ಎರಡು: ಶಾಖ, ಮತ್ತು ಬಹಳ ಹೊತ್ತು ತುಂಬಿಕೊಂಡೇ ಇರುವುದು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗ್ರಾಫೈಟ್ ಪದರಗಳ ನಡುವೆ ಹೋಗಿ ಸೇರುತ್ತವೆ. ಫೋನ್ ಬಳಸುವಾಗ ಬಂದ ದಾರಿಯಲ್ಲೇ ಮರಳುತ್ತವೆ. ಈ ಓಡಾಟಕ್ಕೆ ನಡುವೆ ಇರುವ ಎಲೆಕ್ಟ್ರೊಲೈಟ್ ದ್ರವ ಗ್ರಾಫೈಟ್‌ನ ಮೈಮೇಲೆ ಅಷ್ಟಿಷ್ಟು ವಿಘಟನೆಗೊಂಡು ತೆಳುವಾದ ಪೊರೆ ಕಟ್ಟುತ್ತದೆ. ಪೊರೆ ಬೇಕೇ ಬೇಕು, ಅದಿಲ್ಲದೆ ಬ್ಯಾಟರಿ ಬಾಳುವುದಿಲ್ಲ. ಆದರೆ ಅದು ಬೆಳೆದಂತೆಲ್ಲ ಕೆಲಸಕ್ಕೆ ಬರಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಹೋಗುತ್ತದೆ. ಬೆಳವಣಿಗೆಗೆ ವೇಗ ಕೊಡುವುದು ಬಿಸಿ. ಪೂರ್ತಿ ತುಂಬಿದಾಗ ಬ್ಯಾಟರಿ ಕೋಶದ ವೋಲ್ಟೇಜ್ 4.2 ವೋಲ್ಟ್‌ಗೆ ಅಥವಾ ತುಸು ಹೆಚ್ಚಿಗೆ ಏರುತ್ತದೆ. ಆಗ ಎರಡೂ ಬದಿಗಳಲ್ಲಿ ಇಂಥ ಬೇಡದ ಕ್ರಿಯೆಗಳು ಚುರುಕಾಗುತ್ತವೆ.

ಹೀಗಾಗಿ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದು, ಬಿಸಿಲಿಗೆ ನಿಂತ ಕಾರಿನಲ್ಲಿ ಫೋನ್ ಬಿಟ್ಟುಹೋಗುವುದು, ಚಾರ್ಜಿಗೆ ಹಾಕಿಕೊಂಡೇ ಭಾರಿ ಗೇಮ್ ಆಡುವುದು ಬ್ಯಾಟರಿಯ ಆಯುಷ್ಯ ತಿನ್ನುತ್ತವೆ. ರಾತ್ರಿಯಿಡೀ ಚಾರ್ಜರ್‌ನಲ್ಲಿದ್ದರೆ ಉಕ್ಕಿ ಹರಿಯುತ್ತದೆ ಎಂಬ ಭಯ ಬೇಡ. ತುಂಬಿದ ಮೇಲೆ ಫೋನ್ ತಾನೇ ವಿದ್ಯುತ್ ತಡೆಯುತ್ತದೆ. ಆದರೂ ನೂರರಲ್ಲೇ ಬಹಳ ಹೊತ್ತು ಕುಳಿತಿರುವುದು ಅಷ್ಟು ಒಳ್ಳೆಯದಲ್ಲ. ಇತ್ತೀಚಿನ ಹಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಸದಾ ಪ್ಲಗ್‌ನಲ್ಲೇ ಇರುವ ಲ್ಯಾಪ್‌ಟಾಪ್‌ಗಂತೂ ಇದು ಹೇಳಿ ಮಾಡಿಸಿದ ಸೌಲಭ್ಯ. ತಿಂಗಳುಗಟ್ಟಲೆ ಬಳಸದೆ ಇಡುವ ಸಾಧನವಿದ್ದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಿ. ಅವಸರವಿದ್ದಾಗ ಕೊನೆಯ ಶೇ 20ಕ್ಕಾಗಿ ಕಾಯುವುದೂ ವ್ಯರ್ಥ, ಏಕೆಂದರೆ ತುಂಬುತ್ತಾ ಬಂದಂತೆ ಚಾರ್ಜಿಂಗ್ ಬೇಕೆಂದೇ ನಿಧಾನವಾಗುತ್ತದೆ.

ಇನ್ನು, ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುವ ಚಟ. ಹಾಗೆ ಮುಚ್ಚಿದಾಗ ಸಿಗುವ ಸಮಾಧಾನವನ್ನು ನಾನು ಅಲ್ಲಗಳೆಯುವುದಿಲ್ಲ, ಉಳಿತಾಯವನ್ನು ಮಾತ್ರ ಒಪ್ಪಲಾರೆ. ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ಪರದೆಯಿಂದ ಸರಿದ ಬಹುತೇಕ ಆ್ಯಪ್‌ಗಳನ್ನು ಸ್ವಲ್ಪ ಹೊತ್ತಿನಲ್ಲೇ ಸ್ತಬ್ಧಗೊಳಿಸುತ್ತದೆ. ಅವು ಮೆಮೊರಿಯಲ್ಲಿ ಸುಮ್ಮನೆ ಬಿದ್ದಿರುತ್ತವೆ. ಮೆಮೊರಿ ಖಾಲಿಯಿದ್ದರೂ ತುಂಬಿದ್ದರೂ ತಿನ್ನುವ ವಿದ್ಯುತ್ ಹೆಚ್ಚುಕಡಿಮೆ ಅಷ್ಟೇ. ಮುಚ್ಚಿದ ಆ್ಯಪ್ ಅನ್ನು ಐದು ನಿಮಿಷದಲ್ಲಿ ಮತ್ತೆ ತೆರೆದಾಗ ಎಲ್ಲವೂ ಮೊದಲಿನಿಂದ ಲೋಡ್ ಆಗಬೇಕು, ಖರ್ಚು ಅಲ್ಲಿದೆ. ನಿಜವಾಗಿ ಚಾರ್ಜ್ ಹೀರುವವರು ಯಾರೆಂದು ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟವೇ ಹೇಳುತ್ತದೆ. ಸಾಮಾನ್ಯವಾಗಿ ಪರದೆಯ ಹೊಳಪು, ನ್ಯಾವಿಗೇಷನ್, ಹಿನ್ನೆಲೆಯಲ್ಲೂ ಸ್ಥಳ ಕೇಳುವ ಯಾವುದೋ ಒಂದು ಆ್ಯಪ್. ಸಿಗ್ನಲ್ ದುರ್ಬಲವಾದ ಕಡೆ ಫೋನ್ ಟವರನ್ನು ತಲುಪಲು ಹೆಚ್ಚು ಶಕ್ತಿ ಸುರಿಯುತ್ತದೆ. ಅಂಥಲ್ಲಿ ಕರೆ ಬರಲೇಬೇಕೆಂದಿಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿಬಿಡಿ. ಪರದೆ ಒಎಲ್‌ಇಡಿ ಆಗಿದ್ದರೆ ಡಾರ್ಕ್ ಮೋಡ್ ಪ್ರಯೋಜನಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಅಪ್ಪಟ ಕಪ್ಪು ಬಿಂದು ಎಂದರೆ ಆರಿದ ಬಿಂದು. ಎಲ್‌ಸಿಡಿ ಪರದೆಯ ಹಿಂದಿನ ದೀಪ ಹೇಗೂ ಉರಿಯುತ್ತಲೇ ಇರುವುದರಿಂದ ಲಾಭ ಅಷ್ಟಕ್ಕಷ್ಟೆ.

ಇಷ್ಟೆಲ್ಲ ಮಾಡಿದರೂ ಬ್ಯಾಟರಿ ಒಂದು ದಿನ ಸೋಲುತ್ತದೆ. ಶೇ 20 ಇದ್ದದ್ದು ಹಠಾತ್ತನೆ ಆರಿಹೋದರೆ ಬದಲಿಸುವ ಕಾಲ ಬಂದಿರಬಹುದು; ಅದಕ್ಕಾಗಿ ಫೋನನ್ನೇ ಬದಲಿಸಬೇಕಿಲ್ಲ. ಆದರೆ ಹಿಂಬದಿ ಉಬ್ಬಿದೆ, ಪರದೆ ಅಂಚಿನಲ್ಲಿ ಮೇಲೆದ್ದಿದೆ ಎಂದು ಕಂಡರೆ ಒಳಗೆ ಅನಿಲ ತುಂಬಿದೆ ಎಂದು ತಿಳಿಯಿರಿ. ಒತ್ತಿ ಸರಿಪಡಿಸಲು ಹೋಗಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಫೋನ್ ಆಫ್ ಮಾಡಿ, ಬೆಂಕಿ ಹತ್ತುವ ವಸ್ತುಗಳಿಂದ ದೂರವಿಟ್ಟು ಸರ್ವಿಸ್ ಸೆಂಟರ್‌ಗೆ ತಲುಪಿಸಿ. ಕಸದ ಬುಟ್ಟಿಗೆ ಮಾತ್ರ ಎಸೆಯಬೇಡಿ, ಕಸದ ಲಾರಿಯೊಳಗೆ ಜಜ್ಜಿಹೋದ ಬ್ಯಾಟರಿ ಅಲ್ಲೇ ಹೊತ್ತಿಕೊಳ್ಳಬಲ್ಲದು.