ನಾಯಿ ಹಿಂಭಾಗ ಉಜ್ಜುವುದು ಜಂತಿನಿಂದಲೇ ಅಲ್ಲ

ನಾಯಿಯು ಹಿಂಗಾಲುಗಳನ್ನು ಮುಂದಕ್ಕೆ ಚಾಚಿ ಕುಳಿತು, ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಹಿಂಭಾಗವನ್ನು ಉಜ್ಜುತ್ತ ಸಾಗಿದರೆ, ಬಳ್ಳಾರಿಯ ಮನೆಗಳಲ್ಲಿ ಮೊದಲು ಬರುವ ಮಾತು 'ಹೊಟ್ಟ್ಯಾಗ ಜಂತು ಆಗ್ಯಾವ' ಎಂಬುದು. ಜಂತಿನ ಗುಳಿಗೆಯನ್ನು ರೊಟ್ಟಿಯಲ್ಲಿಟ್ಟು ತಿನ್ನಿಸಲಾಗುತ್ತದೆ. ಉಜ್ಜಾಟ ನಿಲ್ಲದಿದ್ದರೆ ಮತ್ತೊಂದು ಗುಳಿಗೆ. ಈ ಊಹೆ ಪೂರ್ತಿ ಆಧಾರವಿಲ್ಲದ್ದಲ್ಲ. ಚಿಗಟಗಳ ಮೂಲಕ ಹರಡುವ ಲಾಡಿಹುಳುವಿನ ತುಂಡುಗಳು ಅಕ್ಕಿಕಾಳಿನ ಗಾತ್ರದಲ್ಲಿ ಗುದದ ಸುತ್ತ ಅಂಟಿಕೊಂಡು ತುರಿಕೆ ತರುವುದುಂಟು. ಆದರೆ ಹೀಗೆ ಉಜ್ಜುವ ನಾಯಿಗಳಲ್ಲಿ ಹೆಚ್ಚಾಗಿ ಕಂಡುಬರುವುದು ಗುದಗ್ರಂಥಿಗಳ ತೊಂದರೆ. ಅದಕ್ಕೆ ಜಂತಿನ ಔಷಧದಿಂದ ಏನೂ ಪ್ರಯೋಜನವಿಲ್ಲ.

ನಾಯಿ ಮತ್ತು ಬೆಕ್ಕುಗಳ ಗುದದ್ವಾರವನ್ನು ಗಡಿಯಾರದ ಮುಖವೆಂದುಕೊಂಡರೆ, ನಾಲ್ಕು ಮತ್ತು ಎಂಟು ಗಂಟೆಯ ಸ್ಥಾನಗಳಲ್ಲಿ, ಗುದವನ್ನು ಬಿಗಿಹಿಡಿಯುವ ಒಳ ಮತ್ತು ಹೊರ ಸ್ನಾಯುಗಳ ನಡುವೆ, ಎರಡು ಸಣ್ಣ ಚೀಲಗಳಿರುತ್ತವೆ. ಅವುಗಳ ಗೋಡೆಯಲ್ಲಿರುವ ಗ್ರಂಥಿಗಳು ಮೀನಿನಂತೆ ನಾರುವ ಕಂದು ದ್ರವವನ್ನು ಸ್ರವಿಸುತ್ತವೆ. ನಾಯಿಗಳು ಎದುರುಬದುರಾದಾಗ ಪರಸ್ಪರ ಹಿಂಭಾಗವನ್ನು ಮೂಸುವುದರಲ್ಲಿ ಈ ವಾಸನೆಗೂ ಪಾತ್ರವಿದೆ. ಗಟ್ಟಿಯಾದ ಮಲವು ಹೊರಬರುವಾಗ ಚೀಲಗಳನ್ನು ಒತ್ತುತ್ತದೆ, ಆಗ ದ್ರವವು ಸಣ್ಣ ನಾಳದ ಮೂಲಕ ತಾನಾಗಿಯೇ ಹೊರಬೀಳುತ್ತದೆ.

ಮಲ ಸಡಿಲವಾಗಿದ್ದರೆ ಈ ಒತ್ತಡ ಬೀಳುವುದಿಲ್ಲ. ಒಳಗೇ ಉಳಿದ ದ್ರವ ಗಟ್ಟಿಯಾಗಿ ನಾಳವನ್ನು ಮುಚ್ಚುತ್ತದೆ. ನಮ್ಮ ಕಡೆ ಬೆಳೆದ ನಾಯಿಗೂ ದಿನಾ ಹಾಲು-ಅನ್ನವನ್ನೋ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೋ ಹಾಕುವ ರೂಢಿಯಿದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಅನೇಕ ಬೆಳೆದ ನಾಯಿಗಳಲ್ಲಿ ಕಡಿಮೆಯಿರುವುದರಿಂದ ಅವು ತೆಳ್ಳಗೆ ಮಲ ಹಾಕುತ್ತವೆ. ಬೊಜ್ಜು, ಪದೇ ಪದೇ ಆಗುವ ಭೇದಿ, ಎಲ್ಲಕ್ಕಿಂತ ಮುಖ್ಯವಾಗಿ ಚರ್ಮದ ಅಲರ್ಜಿ, ಇವೂ ಕಾರಣಗಳು. ಸಣ್ಣ ತಳಿಯ ನಾಯಿಗಳಲ್ಲಿ ತೊಂದರೆ ಹೆಚ್ಚು.

ಚೀಲ ಕೇವಲ ಕಟ್ಟಿಕೊಂಡಿದ್ದರೆ ಪಶುವೈದ್ಯರು ಕೈಗವಸು ತೊಟ್ಟು, ಗುದದೊಳಗೆ ಬೆರಳಿಟ್ಟು, ಮೆಲ್ಲನೆ ಹಿಂಡಿ ಖಾಲಿ ಮಾಡುತ್ತಾರೆ. ಕೆಲವು ನಿಮಿಷಗಳ ಕೆಲಸವಿದು. ಸುಲಭವಾಗಿ ಕಾಣುವುದರಿಂದಲೇ ಅನೇಕರು ನಾಯಿಗೆ ಸ್ನಾನ ಮಾಡಿಸುವಾಗಲೆಲ್ಲ ಹಿಂಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ನನಗೆ ಇದು ಸರಿಯೆನಿಸುವುದಿಲ್ಲ. ಆರೋಗ್ಯವಂತ ಚೀಲವನ್ನು ಪದೇ ಪದೇ ಹಿಂಡಿದರೆ ನಾಳಕ್ಕೆ ಪೆಟ್ಟಾಗಿ ಊತ ಬರುತ್ತದೆ, ಆ ಊತವೇ ಮುಂದೆ ದಾರಿ ಮುಚ್ಚುತ್ತದೆ. ಕೆಲವು ವಾರಗಳಿಗೊಮ್ಮೆ ಹಿಂಡಲೇಬೇಕಾಗಿ ಬರುವ ನಾಯಿಯ ವಿಷಯದಲ್ಲಿ ಚೀಲ ಯಾಕೆ ತುಂಬುತ್ತಿದೆ ಎಂದು ಹುಡುಕಬೇಕು. ಅದು ಪಾದಗಳನ್ನೂ ನೆಕ್ಕುತ್ತಿದ್ದರೆ, ಕಿವಿ ಕೆರೆದುಕೊಳ್ಳುತ್ತಿದ್ದರೆ, ಅಲರ್ಜಿಯ ಅನುಮಾನ ಬಲವಾಗುತ್ತದೆ. ಆಗ ವೈದ್ಯರು ಸುಮಾರು ಎಂಟು ವಾರ ಬೇರೊಂದು ಆಹಾರವನ್ನಷ್ಟೇ ಕೊಟ್ಟು ಪರೀಕ್ಷಿಸುವುದುಂಟು. ಮಲ ಗಟ್ಟಿಯಾಗಲು ಬೇಯಿಸಿದ ಸಿಹಿಗುಂಬಳವನ್ನೋ ನೀರಿನೊಂದಿಗೆ ಸ್ವಲ್ಪ ಇಸಬ್‌ಗೋಲನ್ನೋ ಊಟಕ್ಕೆ ಬೆರೆಸಬಹುದು. ಒಗ್ಗರಣೆ ಹಾಕಿದ ಪಲ್ಯ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ.

ಕಟ್ಟಿಕೊಂಡ ಚೀಲದಲ್ಲಿ ಸೋಂಕು ಸೇರಿದರೆ ದ್ರವ ಹಳದಿಯಾಗಿ ಅಥವಾ ರಕ್ತಮಿಶ್ರಿತವಾಗಿ ಬದಲಾಗುತ್ತದೆ. ಕೀವು ತುಂಬಿ ಗುದದ ಪಕ್ಕ ಕೆಂಪಗೆ ಬಾವು ಏಳುತ್ತದೆ, ನಾಯಿ ಬಾಲ ಮುಟ್ಟಗೊಡುವುದಿಲ್ಲ. ಬಾವು ಒಡೆದಾಗ ನೋವು ತಗ್ಗಿ ನಾಯಿ ಗೆಲುವಾಗುವುದರಿಂದ ಗುಣವಾಯಿತೆಂದು ಸುಮ್ಮನಾಗುವವರಿದ್ದಾರೆ. ನಿಜವಾದ ಅಪಾಯವಿರುವುದು ಇಲ್ಲಿಯೇ. ತೆರೆದ ಗಾಯದ ಮೇಲೆ ನೊಣ ಕುಳಿತು ಮೊಟ್ಟೆಯಿಟ್ಟರೆ ಒಂದೆರಡು ದಿನಗಳಲ್ಲಿ ಹುಳ ಬೀಳುತ್ತದೆ. ಇಂತಹ ಗಾಯಕ್ಕೆ ಬೂದಿ, ಸುಣ್ಣ, ಸೀಮೆಎಣ್ಣೆ ಹಚ್ಚದೆ ದನದ ದವಾಖಾನೆಗೆ ಒಯ್ಯಬೇಕು. ಅಲ್ಲಿ ಮಂಪರು ಕೊಟ್ಟು ಚೀಲವನ್ನು ಲವಣದ್ರಾವಣದಿಂದ ತೊಳೆದು, ಅಗತ್ಯವಿದ್ದರೆ ಆ್ಯಂಟಿಬಯಾಟಿಕ್ ಮತ್ತು ನೋವುನಿವಾರಕ ಕೊಡುತ್ತಾರೆ. ಮನೆಯಲ್ಲಿರುವ ಮನುಷ್ಯರ ಗುಳಿಗೆ ಮಾತ್ರ ಕೊಡಬಾರದು: ಐಬುಪ್ರೊಫೆನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡವನ್ನು ಕೆಡಿಸುತ್ತದೆ, ಒಂದೇ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು.

ಬೆಕ್ಕುಗಳಲ್ಲಿ ಈ ಕಾಯಿಲೆ ಅಪರೂಪ, ಕಾಣಿಸಿಕೊಳ್ಳುವ ಬಗೆಯೂ ಬೇರೆ. ಬೆಕ್ಕು ನೆಲಕ್ಕೆ ಉಜ್ಜುವುದು ಕಡಿಮೆ. ಬಾಲದ ಕೆಳಗೆ ಕೂದಲು ಉದುರುವಷ್ಟು ನೆಕ್ಕಿಕೊಳ್ಳುತ್ತದೆ, ಅಥವಾ ನೋವಿನಿಂದಾಗಿ ಎಂದಿನ ಜಾಗ ಬಿಟ್ಟು ಬೇರೆಡೆ ಮಲ ಹಾಕುತ್ತದೆ. ಎಷ್ಟೋ ಸಲ ಒಡೆದ ಬಾವೇ ಮೊದಲ ಸೂಚನೆ.

ಎಲ್ಲ ಚಿಕಿತ್ಸೆಯ ನಂತರವೂ ತೊಂದರೆ ಮರುಕಳಿಸಿದರೆ ಚೀಲಗಳನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಚೀಲಗಳಿಲ್ಲದೆಯೂ ನಾಯಿ ಸುಖವಾಗಿಯೇ ಬದುಕುತ್ತದೆ. ಆದರೆ ಪಕ್ಕದ ನರಕ್ಕೆ ಪೆಟ್ಟಾದರೆ ಮಲವನ್ನು ಹಿಡಿದಿಟ್ಟುಕೊಳ್ಳುವ ಹತೋಟಿ ತಪ್ಪುವ ಸಾಧ್ಯತೆಯಿದೆ. ಚೀಲದ ಒಳಪದರ ಸ್ವಲ್ಪ ಉಳಿದರೂ ಗಾಯ ಮಾಯದೆ ಸೋರುತ್ತಿರುತ್ತದೆ. ಆದ್ದರಿಂದ ಸೋಂಕು ಇಳಿದ ಮೇಲೆ, ಅನುಭವಿ ಶಸ್ತ್ರವೈದ್ಯರಿಂದಲೇ ಮಾಡಿಸಬೇಕು.

ವಯಸ್ಸಾದ ನಾಯಿಯಲ್ಲಿ ಒಂದೇ ಕಡೆ ಗಟ್ಟಿಯಾದ ಗಂಟು ಸಿಕ್ಕರೆ ಅದನ್ನು ಕೀವೆಂದು ಭಾವಿಸಿ ಹಿಂಡಬಾರದು. ಅದು ಗುದಚೀಲದ ಕ್ಯಾನ್ಸರ್ ಆಗಿರಬಹುದು. ಈ ಗಡ್ಡೆ ಕೆಲವು ನಾಯಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಏರಿಸುತ್ತದೆ, ಆಗ ನಾಯಿ ವಿಪರೀತ ನೀರು ಕುಡಿದು ವಿಪರೀತ ಮೂತ್ರ ಮಾಡುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಈ ಬಾಯಾರಿಕೆಯನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ. ಹಿರಿಯ ನಾಯಿಯನ್ನು ಲಸಿಕೆಗೆ ಒಯ್ದಾಗಲೇ ಗುದದ ಪರೀಕ್ಷೆಯನ್ನೂ ಮಾಡಲು ಕೇಳಿದರೆ, ಗಂಟು ಸಣ್ಣದಿರುವಾಗಲೇ ವೈದ್ಯರ ಬೆರಳಿಗೆ ಸಿಗಬಹುದು.