ಊಟ ಬಿಟ್ಟರೂ ಬೆಳಿಗ್ಗೆ ಶುಗರ್ ಏರುವುದೇಕೆ?

ಉಡುಪಿಯಲ್ಲಿ ಏಕಾದಶಿಯ ಮರುದಿನ ಕ್ಲಿನಿಕ್‌ಗೆ ಈ ಪ್ರಶ್ನೆ ಬಂದೇ ಬರುತ್ತದೆ. "ನಿನ್ನೆ ನೀರು ಬಿಟ್ರೆ ಏನೂ ಮುಟ್ಟಿಲ್ಲ ಡಾಕ್ಟ್ರೇ. ಪಾರಣೆಗೆ ಮುಂಚೆ ನೋಡಿದ್ರೆ 168! ಮೆಷಿನ್ ಹಾಳಾಗಿದ್ಯಾ ಮಾರಾಯ್ರೆ?"

ಮೆಷಿನ್ ಸರಿಯಾಗೇ ಇದೆ. ಆ ಸಕ್ಕರೆ ಬಂದದ್ದು ಲಿವರ್‌ನಿಂದ.

ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ನಿದ್ದೆಯಲ್ಲೂ ಬೇಕು. ಆದರೆ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು 5 ಗ್ರಾಂ ಆಸುಪಾಸು. ಹಾಗಾಗಿ ಉಂಡಾಗ ಕೂಡಿಟ್ಟು, ಹಸಿದಾಗ ಕೊಡುವ ಕೆಲಸ ಲಿವರ್‌ನದ್ದು. ಅದಕ್ಕೆ ಅಪ್ಪಣೆ ಕೊಡುವುದು ಹಾರ್ಮೋನುಗಳು. ಉಂಡ ಮೇಲೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಇನ್ಸುಲಿನ್ ಬಿಡುತ್ತದೆ, ಸಕ್ಕರೆ ಲಿವರ್, ಸ್ನಾಯುಗಳ ಒಳಗೆ ಸೇರುತ್ತದೆ. ಹೊಟ್ಟೆ ಖಾಲಿಯಾದಾಗ ಅದೇ ಪ್ಯಾಂಕ್ರಿಯಾಸ್ ಗ್ಲುಕಗಾನ್ ಬಿಡುತ್ತದೆ, ಲಿವರ್ ಕೂಡಿಟ್ಟದ್ದನ್ನು ಕರಗಿಸುತ್ತದೆ. ದಾಸ್ತಾನು ತಗ್ಗಿದಂತೆ ಸ್ನಾಯುವಿನಿಂದ ಬಂದ ಅಮೈನೋ ಆಮ್ಲಗಳಿಂದ ಹೊಸ ಸಕ್ಕರೆಯನ್ನೂ ತಯಾರಿಸುತ್ತದೆ.

ನಸುಕಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರತೊಡಗುತ್ತದೆ, ನಾವು ಎದ್ದು ಓಡಾಡಬೇಕಲ್ವಾ? ನಿದ್ದೆಯಲ್ಲಿ ಬಂದ ಗ್ರೋತ್ ಹಾರ್ಮೋನಿನ ಪ್ರಭಾವವೂ ಉಳಿದಿರುತ್ತದೆ. ಇವೆರಡರ ಎದುರು ಇನ್ಸುಲಿನ್ ಮಾತು ಅಷ್ಟಾಗಿ ನಡೆಯುವುದಿಲ್ಲ. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ಸ್ವಲ್ಪ ಜಾಸ್ತಿ ಬಂದು ಸರಿದೂಗಿಸುತ್ತದೆ. ಶುಗರ್ ಇದ್ದವರಲ್ಲಿ ಅದು ಆಗುವುದಿಲ್ಲ, ಬೆಳಗಿನ ಅಂಕಿ ಏರುತ್ತದೆ.

ನನಗೆ ಭಯ ಹುಟ್ಟಿಸುವುದು ಇದರ ಮುಂದಿನ ಕಥೆ. ಬೆಳಗಿನ ಅಂಕಿ ನೋಡಿ ಹೆದರಿ, ಜನ ರಾತ್ರಿಯ ಗಂಜಿಯನ್ನೂ ಬಿಡುತ್ತಾರೆ. ಕಟಪಾಡಿ ಕಡೆಯ ಒಬ್ಬರು ಅಮ್ಮ ಹಾಗೇ ಮಾಡಿದರು. ಗ್ಲಿಮೆಪಿರೈಡ್ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಆ ಮಾತ್ರೆ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತದೆ. ನಡುರಾತ್ರಿ ಮೈಯೆಲ್ಲ ಬೆವರು, ಕೈ ನಡುಕ, ಶುಗರ್ 54. ಸೊಸೆ ಕೂಡಲೇ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದ್ದರಿಂದ ಚೇತರಿಸಿಕೊಂಡರು. ಉಪವಾಸ ಬೇಡ ಎನ್ನುವುದಿಲ್ಲ. ಆದರೆ ಯಾವ ಮದ್ದು ಆ ದಿನ ಬಿಡಬೇಕು, ಯಾವುದು ಬಿಡಬಾರದು ಎಂದು ಮೊದಲೇ ಕೇಳಿಕೊಳ್ಳಿ.

ಫಾಸ್ಟಿಂಗ್ ಶುಗರ್ (ಬೆಳಿಗ್ಗೆ ಖಾಲಿ ಹೊಟ್ಟೆಯದ್ದು) ಜಾಸ್ತಿ ಬರುತ್ತಿದ್ದರೆ ಸುಮ್ನೆ ಊಟ ಬಿಡಬೇಡಿ. ಎರಡು ಮೂರು ದಿನ ಮಲಗುವಾಗ, ನಸುಕಿನ 3 ಗಂಟೆಗೆ, ಎದ್ದ ಕೂಡಲೇ ಶುಗರ್ ನೋಡಿ ಬರೆದು ತನ್ನಿ. ಮಲಗುವಾಗಲೇ ಜಾಸ್ತಿ ಇದ್ದರೆ ರಾತ್ರಿಯ ಊಟ, ಮದ್ದು ಎರಡನ್ನೂ ನೋಡಬೇಕು. 3 ಗಂಟೆಗೆ ತೀರಾ ಇಳಿದಿದ್ದರೆ ಡೋಸ್ ಕಡಿಮೆ ಮಾಡಬೇಕು. 3ಕ್ಕೆ ಸರಿಯಿದ್ದು ಬೆಳಿಗ್ಗೆ ಮಾತ್ರ ಏರಿದ್ದರೆ ಅದು ನಸುಕಿನ ಹಾರ್ಮೋನುಗಳ ಕೆಲಸ. ಲಿವರ್ ಸಕ್ಕರೆ ಬಿಡುವುದನ್ನು ತಗ್ಗಿಸಲು ಮೆಟ್‌ಫಾರ್ಮಿನ್‌ನಂಥ ಮದ್ದು ಇದೆ. ಎಷ್ಟು, ಯಾವ ಹೊತ್ತಿಗೆ ಎನ್ನುವುದನ್ನು ನಿಮ್ಮ ಡಾಕ್ಟರು ಆ ಅಂಕಿಗಳನ್ನು ನೋಡಿ ಹೇಳುತ್ತಾರೆ.