ಮರಳಿನಲ್ಲಿ ನಿಂತ 16 ಮಂದಿ

ಮೊದಲು ಕಂಡದ್ದು ತಲೆಗಳು. 1955ರಲ್ಲಿ ಮೆಕ್ಸಿಕೊದ ಲಾ ವೆಂಟಾದಲ್ಲಿ ಅಗೆಯುತ್ತಿದ್ದವರು ಮಣ್ಣು ಸರಿಸುತ್ತ ಹೋದಂತೆ ನುಣ್ಣನೆಯ ಬೋಳು ತಲೆಗಳು ಒಂದೊಂದಾಗಿ ಮೇಲೆ ಬಂದವು. ಇನ್ನಷ್ಟು ಸರಿಸಿದರೆ ಮುಖ, ಆಮೇಲೆ ಭುಜ, ಆಮೇಲೆ ಕೆಳಗಿಳಿಬಿಟ್ಟ ಕೈಗಳು. ಕೊನೆಗೆ ನೋಡಿದರೆ 16 ಪುಟ್ಟ ಕಲ್ಲಿನ ಮನುಷ್ಯರು ಮರಳಿನಲ್ಲಿ ಕಾಲೂರಿ ನಿಂತಿದ್ದರು. ಯಾರೂ ಬಿದ್ದಿರಲಿಲ್ಲ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಯಾರೋ ನಿಲ್ಲಿಸಿದ ಜಾಗದಲ್ಲೇ, ನಿಲ್ಲಿಸಿದ ಹಾಗೆಯೇ ಇದ್ದರು.

ಫಿಲಿಪ್ ಡ್ರಕರ್, ರಾಬರ್ಟ್ ಹೈಜರ್, ರಾಬರ್ಟ್ ಸ್ಕ್ವಯರ್ ಎಂಬ ಪುರಾತತ್ವ ತಜ್ಞರು ನಡೆಸಿದ ಅಗೆತ ಅದು. ಅವರು ಇದಕ್ಕೆ ಕೊಟ್ಟ ಹೆಸರು ತೀರಾ ಸಾದಾ: 'ನಾಲ್ಕನೆಯ ಅರ್ಪಣೆ'. ಮಧ್ಯ ಅಮೆರಿಕದ ಹಳೆಯ ಕಲೆಯಲ್ಲಿ ಇದಕ್ಕಿಂತ ದೊಡ್ಡ, ಇದಕ್ಕಿಂತ ಹೊಳಪಿನ ವಸ್ತುಗಳು ಬೇಕಾದಷ್ಟಿವೆ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಈ ಗುಂಪಿನ ಕಡೆಗೇ. ಯಾಕೆ ಅಂತ ಹೇಳುತ್ತೇನೆ.

ಲಾ ವೆಂಟಾ ಇರುವುದು ತಬಾಸ್ಕೊ ರಾಜ್ಯದಲ್ಲಿ, ಮೆಕ್ಸಿಕೊ ಕೊಲ್ಲಿಯ ಹತ್ತಿರ. ಸುತ್ತ ಜೌಗು ನೆಲ. ಕ್ರಿ.ಪೂ. 900ರಿಂದ 400ರವರೆಗೆ ಇದು ಓಲ್ಮೆಕ್ ಜನರ ದೊಡ್ಡ ಕೇಂದ್ರವಾಗಿತ್ತು. ಓಲ್ಮೆಕ್ ಅನ್ನುವುದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ರಬ್ಬರ್ ಸಿಗುವ ಆ ಸೀಮೆಯ ಜನರನ್ನು ಬಹಳ ಕಾಲದ ಮೇಲೆ, ಸ್ಪೇನಿನವರು ಬರುವ ಮೊದಲು ಮೆಕ್ಸಿಕೊದಲ್ಲಿ ಆಳುತ್ತಿದ್ದ ಅಜ್ಟೆಕರು ಕರೆಯುತ್ತಿದ್ದ ಹೆಸರನ್ನೇ ಪಂಡಿತರು ಇವರಿಗೂ ಅಂಟಿಸಿದರು. ಓಲ್ಮೆಕ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆಳೆತ್ತರ ಮೀರಿದ, ಟನ್ನುಗಟ್ಟಲೆ ತೂಗುವ ಕಲ್ಲಿನ ತಲೆಗಳು. ಅವುಗಳ ಪಕ್ಕದಲ್ಲಿ ನಮ್ಮ 16 ಮಂದಿ ಲೆಕ್ಕಕ್ಕೇ ಬರುವುದಿಲ್ಲ. ಒಬ್ಬೊಬ್ಬರ ಎತ್ತರ ಸುಮಾರು 15ರಿಂದ 20 ಸೆಂಟಿಮೀಟರ್. ಅಂದರೆ ಒಂದು ಗೇಣಿನೊಳಗೆ.

ಅವರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಲೆ ಮೇಲಕ್ಕೆ ಉದ್ದವಾಗಿ ಎಳೆದ ಹಾಗಿದೆ. ಎಳೆ ಕೂಸಿನ ತಲೆಗೆ ಕಟ್ಟು ಹಾಕಿ, ಬೆಳೆಯುತ್ತ ಅದು ಉದ್ದವಾಗುವಂತೆ ಮಾಡುವ ಪದ್ಧತಿ ಅಲ್ಲಿ ಇತ್ತು. ಕಣ್ಣು ಸಣ್ಣ ಸೀಳು. ಬಾಯಿಯ ಎರಡೂ ತುದಿ ಕೆಳಗೆ ಬಾಗಿವೆ. ಮಂಡಿ ಒಂಚೂರು ಮಡಿಸಿದೆ, ಈಗ ತಾನೇ ಹೆಜ್ಜೆ ಎತ್ತುವವರ ಹಾಗೆ. ಕಿವಿಯಲ್ಲಿ ತೂತು ಕೊರೆದಿದೆ. ಹಿಂದೆ ಓಲೆಯಂಥದ್ದು ಏನೋ ತೂಗುತ್ತಿದ್ದಿರಬೇಕು. ಮೈಮೇಲೆ ಉಡುಪಿನ ವಿವರ ಜಾಸ್ತಿ ಇಲ್ಲ.

ಇವರ ಹಿಂದೆ ಆರು ಉದ್ದನೆಯ ಕಲ್ಲುಗಳು ಸಾಲಾಗಿ ನೆಟ್ಟಗೆ ನಿಂತಿವೆ. ಕೊಡಲಿಯ ಅಲಗಿನ ಆಕಾರದ, ನುಣುಪಾಗಿ ತೇಯ್ದ ಕಲ್ಲುಗಳು. ಲಾ ವೆಂಟಾದಲ್ಲಿ ಎತ್ತರದ ಕಲ್ಲಿನ ಕಂಬಗಳನ್ನು ನೆಟ್ಟ ಅಂಗಳ ನಿಜವಾಗಿಯೂ ಇತ್ತು. ಹಾಗಾಗಿ ಇದು ಅಂಥದ್ದೇ ಒಂದು ಜಾಗದ ಪುಟ್ಟ ಮಾದರಿ ಅಂತ ಹಲವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಈ ಕೊಡಲಿಕಲ್ಲುಗಳಲ್ಲಿ ಕೆಲವದರ ಮೇಲೆ ಗೀರಿದ ಚಿತ್ರಗಳಿವೆ, ಆದರೆ ಅವು ನಡುವೆಯೇ ಕಡಿದುಹೋಗಿವೆ. ಅಂದರೆ ಮೊದಲು ದೊಡ್ಡದೊಂದು ಕೆತ್ತಿದ ಕಲ್ಲಿತ್ತು. ಅದನ್ನು ಕೊಯ್ದು ಈ ರೂಪಕ್ಕೆ ತಂದಿದ್ದಾರೆ. ಹೂತಿಡುವ ಹೊತ್ತಿಗಾಗಲೇ ಈ ಕಲ್ಲುಗಳಿಗೆ ಒಂದು ಹಿಂದಿನ ಬದುಕಿತ್ತು.

ಇನ್ನು ಗುಂಪಿನಲ್ಲಿ ಒಬ್ಬ ಬೇರೆ. ಹದಿಮೂರು ಮಂದಿ ಸರ್ಪೆಂಟೈನ್ ಎಂಬ ಮೆದು ಕಲ್ಲಿನವರು, ಇಬ್ಬರು ಜೇಡ್ ಕಲ್ಲಿನವರು. ಈ ಒಬ್ಬ ಮಾತ್ರ ಕೆಂಪು ಛಾಯೆಯ ಒರಟು ಕಲ್ಲಿನವನು. ಅವನ ಮುಖ ಸವೆದಿದೆ, ಅಂಚುಗಳು ಉದುರಿವೆ. ಅವನೊಬ್ಬನೇ ಕೊಡಲಿಕಲ್ಲುಗಳ ಸಾಲಿಗೆ ಬೆನ್ನು ಕೊಟ್ಟು ಮಿಕ್ಕವರ ಕಡೆ ನೋಡುತ್ತ ನಿಂತಿದ್ದಾನೆ. ಕೆಲವರು ಅವನ ಮುಂದೆ ಸಾಲಾಗಿ ಹಾದುಹೋಗುವ ಹಾಗೆ ಕಾಣುತ್ತಾರೆ, ಉಳಿದವರು ಸುತ್ತ ನಿಂತು ನೋಡುತ್ತಿದ್ದಾರೆ. ಅವನು ಯಜಮಾನನೇ? ದೀಕ್ಷೆ ಪಡೆಯಲು ಬಂದವನೇ? ವಿಚಾರಣೆಗೆ ನಿಂತವನೇ? ಒಬ್ಬೊಬ್ಬ ವಿದ್ವಾಂಸರು ಒಂದೊಂದು ಹೇಳಿದ್ದಾರೆ. ಆದರೆ ಒಂದು ಮಾತು ಗಮನಿಸಿ. ಈ ಪ್ರಶ್ನೆಗಳು ಹುಟ್ಟಿದ್ದೇ ಅವರು ನಿಂತ ರೀತಿಯಿಂದ. ಇದೇ 16 ಬೊಂಬೆಗಳು ಒಂದು ಚೀಲದಲ್ಲಿ ಸಿಕ್ಕಿದ್ದರೆ ಈ ಪ್ರಶ್ನೆ ಕೇಳುವುದಕ್ಕೂ ನಮಗೆ ದಾರಿ ಇರುತ್ತಿರಲಿಲ್ಲ, ಅಲ್ವಾ?

ಈಗ ನನಗೆ ಮೈ ಜುಮ್ಮೆನ್ನಿಸುವ ಸಂಗತಿಗೆ ಬರುತ್ತೇನೆ.

ಬೊಂಬೆಗಳನ್ನು ಹೂತ ಮೇಲೆ ಅದರ ಮೇಲೆ ಬಣ್ಣಬಣ್ಣದ ಮಣ್ಣು, ಮರಳು ಹಾಸಿ ನೆಲ ಮಾಡಿದ್ದರು. ಒಂದರ ಮೇಲೊಂದು ಪದರ. ನೆಲವನ್ನು ಒಮ್ಮೆ ಅಗೆದು ಮುಚ್ಚಿದರೆ ಅದು ಮೊದಲಿನ ಹಾಗೆ ಆಗುವುದಿಲ್ಲ. ಎಷ್ಟೇ ಜೋಪಾನ ಮಾಡಿದರೂ ಪದರಗಳು ಕಲೆಸಿಹೋಗುತ್ತವೆ, ಗುಂಡಿಯ ಅಂಚು ಗೆರೆ ಎಳೆದ ಹಾಗೆ ಉಳಿಯುತ್ತದೆ. ಪುರಾತತ್ವದವರು ಓದುವುದೇ ಆ ಗೆರೆಯನ್ನು. ಇಲ್ಲಿ ಅವರಿಗೆ ಕಂಡದ್ದು ಇದು: ಎಲ್ಲ ಮುಚ್ಚಿ, ಮೇಲೆ ಹೊಸ ನೆಲಗಳನ್ನು ಹಾಸಿ ಎಷ್ಟೋ ಕಾಲವಾದ ಮೇಲೆ ಯಾರೋ ಬಂದು ಮತ್ತೆ ಗುಂಡಿ ತೋಡಿದ್ದಾರೆ. ಅಲ್ಲಿ ಇಲ್ಲಿ ಹುಡುಕಾಡಿಲ್ಲ, ಸರಿಯಾಗಿ ಬೊಂಬೆಗಳ ಮೇಲೆಯೇ ತೋಡಿದ್ದಾರೆ. ತಲೆಗಳು ಕಾಣುವಷ್ಟು ಇಳಿದು ಅಲ್ಲಿಗೇ ನಿಲ್ಲಿಸಿದ್ದಾರೆ. ಒಂದನ್ನೂ ಎತ್ತಿಲ್ಲ, ಒಂದನ್ನೂ ಅಲುಗಿಸಿಲ್ಲ. ನೋಡಿ, ಮತ್ತೆ ಮುಚ್ಚಿದ್ದಾರೆ.

ಯೋಚಿಸಿ ನೋಡಿ. ನೆಲದ ಮೇಲಿಂದ ಏನೂ ಕಾಣದು. ಆದರೂ ಜಾಗ ಇಂಥದ್ದೇ ಅಂತ ಗೊತ್ತಿತ್ತು. ಒಂದೋ ಮೇಲೆ ಏನೋ ಗುರುತು ಇಟ್ಟಿದ್ದರು, ಇಲ್ಲವೇ ಅಳತೆಯನ್ನು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದರು. ಇದ್ದಾರೋ ಇಲ್ಲವೋ ಎಂದು ನೋಡಿ ಬರುವ ಅಗತ್ಯ ಯಾಕೆ ಬಿತ್ತೋ ಕಾಣೆ. ಆದರೆ ಈ ಪುಟ್ಟ ಕಲ್ಲಿನ ಜನರನ್ನು ಊರು ಮರೆತಿರಲಿಲ್ಲ ಅನ್ನುವುದು ಮಾತ್ರ ಖಂಡಿತ. ಲಾ ವೆಂಟಾದ ಹುಳಿ ಮಣ್ಣು ಮನುಷ್ಯರ ಮೂಳೆಗಳನ್ನೇ ಕರಗಿಸಿಬಿಟ್ಟಿದೆ. ಅಲ್ಲಿನ ಒಬ್ಬ ಮನುಷ್ಯನ ನೆನಪಿನ ಶಕ್ತಿಗೆ ಉಳಿದಿರುವ ಸಾಕ್ಷಿ ಆ ಗುಂಡಿಯ ಅಂಚು.

ಇನ್ನು ಕಲ್ಲಿನ ವಿಷಯ. ಜೇಡ್ ಅಂದರೆ ಪಚ್ಚೆಯಲ್ಲ, ಅದು ಬೇರೆಯೇ ಕಲ್ಲು. ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಕಲ್ಲುಗಳು ಅಡಗಿವೆ, ನೆಫ್ರೈಟ್ ಮತ್ತು ಜೇಡೈಟ್. ಇವೆರಡೂ ಬೇರೆ ಬೇರೆ ಎಂದು 1863ರಲ್ಲಿ ಫ್ರಾನ್ಸ್‌ನ ಅಲೆಕ್ಸಿಸ್ ಡಮೂರ್ ತೋರಿಸಿಕೊಟ್ಟರು. ಹೆಸರಿನ ಮೂಲ ಮಾತ್ರ ಮೆಕ್ಸಿಕೊದ ಕಡೆಯದೇ. ಅಲ್ಲಿಗೆ ಬಂದ ಸ್ಪೇನಿನವರು ಈ ಕಲ್ಲನ್ನು ಪಕ್ಕೆನೋವಿಗೆ ಮದ್ದು ಎಂದು ನಂಬಿ 'ಪಿಯೆದ್ರಾ ದೆ ಇಹಾದಾ', ಅಂದರೆ ಪಕ್ಕೆಯ ಕಲ್ಲು, ಎಂದು ಕರೆದರು. ಅದೇ ಸವೆದು ಜೇಡ್ ಆಯಿತು.

ಓಲ್ಮೆಕರು ಬಳಸಿದ್ದು ಜೇಡೈಟ್. ಇದು ಎಲ್ಲೆಂದರಲ್ಲಿ ಹುಟ್ಟುವ ಕಲ್ಲಲ್ಲ. ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವ ಕಡೆ, ಹತ್ತಾರು ಕಿಲೋಮೀಟರ್ ಆಳದಲ್ಲಿ, ಒತ್ತಡ ವಿಪರೀತ ಇದ್ದು ಬಿಸಿ ಮಾತ್ರ ಅಷ್ಟೇನೂ ಇಲ್ಲದ ಜಾಗದಲ್ಲಿ ಹುಟ್ಟುತ್ತದೆ. ಆಮೇಲೆ ಅದು ಮೇಲಕ್ಕೂ ಬರಬೇಕು. ಮಧ್ಯ ಅಮೆರಿಕದಲ್ಲಿ ಹಾಗೆ ಮೇಲೆ ಬಂದ ಜಾಗ ಗ್ವಾಟೆಮಾಲದ ಮೊಟಾಗುವ ನದಿ ಕಣಿವೆ. ಉತ್ತರ ಅಮೆರಿಕದ ಫಲಕವೂ ಕೆರಿಬಿಯನ್ ಫಲಕವೂ ಒಂದಕ್ಕೊಂದು ಉಜ್ಜುವ ಗಡಿ ಅದು. ಲಾ ವೆಂಟಾದಿಂದ ನೇರ ಗೆರೆ ಎಳೆದರೂ 500 ಕಿಲೋಮೀಟರ್‌ಗಿಂತ ದೂರ. ಗಾಡಿ ಇಲ್ಲ, ಹೊರುವ ದನ ಕುದುರೆ ಇಲ್ಲ. ಬಂದದ್ದೆಲ್ಲ ಮನುಷ್ಯರ ಬೆನ್ನ ಮೇಲೆ, ಇಲ್ಲವೇ ದೋಣಿಯಲ್ಲಿ.

ಓಲ್ಮೆಕರಿಗೆ ತುಂಬ ಇಷ್ಟವಾದ ಒಂದು ಬಗೆಯಿತ್ತು. ನೀಲಿ ಬೆರೆತ ಹಸಿರು, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕ. ಅದು ಎಲ್ಲಿಂದ ಬರುತ್ತಿತ್ತು ಅನ್ನುವುದು ಬಹಳ ಕಾಲ ಗೊತ್ತಾಗಿರಲಿಲ್ಲ. 1998ರಲ್ಲಿ ಮಿಚ್ ಚಂಡಮಾರುತ ಬಂತು. ಮಧ್ಯ ಅಮೆರಿಕದಲ್ಲಿ ಸಾವಿರಾರು ಜನ ಸತ್ತ ಭೀಕರ ಮಳೆ ಅದು. ಆ ಪ್ರವಾಹ ಗ್ವಾಟೆಮಾಲದ ಹಳ್ಳಗಳಲ್ಲಿ ಮಣ್ಣು ಕೊಚ್ಚಿಕೊಂಡು ಹೋದಾಗ ನೀಲಿ ಛಾಯೆಯ ಜೇಡ್ ಬಂಡೆಗಳು ಹೊರಬಿದ್ದವು. ಅವುಗಳ ಜಾಡು ಹಿಡಿದು ಹೋದ ಭೂವಿಜ್ಞಾನಿಗಳಿಗೆ ಬೆಟ್ಟದ ಮೇಲೆ ಮೂಲ ಸಿಕ್ಕಿತು.

ಈ ಕಲ್ಲನ್ನು ಕೆತ್ತುವುದು ಅನ್ನುವ ಮಾತೇ ಸರಿಯಲ್ಲ. ಜೇಡೈಟ್‌ನ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಉಳಿಯಿಟ್ಟು ಹೊಡೆದರೆ ಹೇಳಿದಂತೆ ಚಕ್ಕೆ ಏಳುವುದಿಲ್ಲ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಇದು 6.5ರಿಂದ 7. ಸಾಮಾನ್ಯ ಉಕ್ಕಿನ ಚಾಕು ಕೂಡ ಗೀರಲಾರದು. ಓಲ್ಮೆಕರ ಬಳಿ ಲೋಹದ ಹತಾರವೇ ಇರಲಿಲ್ಲ. ಮತ್ತೆ ಹೇಗೆ ಮಾಡಿದರು? ತೇಯ್ದರು. ನಾವು ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತೇವಲ್ಲ, ಹಾಗೆ. ಕಲ್ಲನ್ನು ಸವೆಸುವುದು ಹತಾರವಲ್ಲ, ನಡುವೆ ಇರುವ ಗಡಸು ಮರಳು. ದಾರಕ್ಕೆ ಒದ್ದೆ ಮರಳು ಹಚ್ಚಿ ಹಿಂದಕ್ಕೂ ಮುಂದಕ್ಕೂ ಎಳೆದರೆ ದಾರವೇ ಗರಗಸ. ದಾರ ಹರಿಯುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತಾರೆ. ಟೊಳ್ಳು ಮೂಳೆಯನ್ನೋ ಜೊಂಡನ್ನೋ ಮರಳಿನ ಮೇಲೆ ಊರಿ ತಿರುಗಿಸಿದರೆ ಅದೇ ಬೈರಿಗೆ. ಎರಡೂ ಕಡೆಯಿಂದ ಕೊಯ್ಯುತ್ತ ಬಂದು, ನಡುವೆ ತೆಳ್ಳಗೆ ಉಳಿದದ್ದನ್ನು ಮುರಿಯುತ್ತಿದ್ದರು. ಮುರಿದ ಆ ಏಣು ಎಷ್ಟೋ ಜೇಡ್ ವಸ್ತುಗಳ ಬೆನ್ನ ಮೇಲೆ ಈಗಲೂ ಇದೆ. ಬಾಯಿಯ ಮೂಲೆಗಳಲ್ಲಿ ದುಂಡನೆಯ ಚುಕ್ಕೆ ಕಂಡರೆ ಅದು ಬೈರಿಗೆ ಇಳಿದ ಗುರುತು.

ಇದು ಬರೀ ಊಹೆಯೂ ಅಲ್ಲ. ಮೆಕ್ಸಿಕೊ ನಗರದ ಟೆಂಪ್ಲೊ ಮಯೋರ್ ಮ್ಯೂಸಿಯಂನ ಸಂಶೋಧಕರು ಮರಳು, ಚಕಮಕಿ ಕಲ್ಲು, ಅಬ್ಸಿಡಿಯನ್ ಗಾಜುಗಲ್ಲು ಇಟ್ಟುಕೊಂಡು ತಾವೇ ಕುಳಿತು ಕಲ್ಲು ತೇಯ್ದು ನೋಡಿದ್ದಾರೆ. ಆ ಗೀರುಗಳ ಅಚ್ಚು ತೆಗೆದು, ಹಳೆಯ ವಸ್ತುಗಳ ಮೇಲಿನ ಗೀರುಗಳ ಜೊತೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೋಲಿಸುತ್ತಾರೆ. ಮರಳಿನ ಗೀರು ಒಂದು ಬಗೆ, ಅಬ್ಸಿಡಿಯನ್ ಗೀರು ಇನ್ನೊಂದು ಬಗೆ.

ಯಾಕಿಷ್ಟು ಕಷ್ಟಪಟ್ಟರು? ಹಸಿರು ಅಲ್ಲಿ ಜೋಳದ ಬಣ್ಣ, ನೀರಿನ ಬಣ್ಣ. ಅಲ್ಲಿನವರ ಜೋಳ ಅಂದರೆ ಮೆಕ್ಕೆಜೋಳ. ಓಲ್ಮೆಕರು ಏನು ಹೇಳುತ್ತಿದ್ದರೋ ನಮಗೆ ಕೇಳಿಸದು, ಆದರೆ ಎರಡು ಸಾವಿರ ವರ್ಷಗಳ ಆಮೇಲಿನ ಅಜ್ಟೆಕರ ಮಾತು ಉಳಿದಿದೆ. ಸಾಗುನ್ ಎಂಬ ಸ್ಪ್ಯಾನಿಷ್ ಪಾದ್ರಿ 16ನೇ ಶತಮಾನದಲ್ಲಿ ಅವರಿಂದ ಕೇಳಿ ಬರೆಸಿಟ್ಟ. ಜೇಡ್ ಹುಡುಕುವವರು ಬೆಳಗಿನ ಜಾವ ಎದ್ದು ಸೂರ್ಯ ಮೂಡುವ ಕಡೆ ನೋಡುತ್ತಿದ್ದರಂತೆ. ಎಲ್ಲಿ ನೆಲದಿಂದ ತೆಳ್ಳಗೆ ಹಬೆ ಏಳುತ್ತದೋ ಅಲ್ಲಿ ಕಲ್ಲಿದೆ. ಅದರ ಮೇಲಿನ ಹುಲ್ಲು ಯಾವಾಗಲೂ ಹಸಿರಾಗಿರುತ್ತದೆ, ಅದು ಕಲ್ಲಿನ ಉಸಿರು ಎಂದು ಅವರ ನಂಬಿಕೆ.

ಇದೇ ಲಾ ವೆಂಟಾದಲ್ಲಿ 1942ರಲ್ಲಿ ಇನ್ನೊಂದು ಬೊಂಬೆ ಸಿಕ್ಕಿತ್ತು. ಬಸಾಲ್ಟ್ ಕಂಬಗಳನ್ನು ಜೋಡಿಸಿ ಕಟ್ಟಿದ ಸಮಾಧಿಯೊಳಗೆ ಕುಳಿತ ಒಬ್ಬ ಹೆಂಗಸು. ಜೇಡ್ ಕಲ್ಲು, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟದು. ಅವಳ ಎದೆಯ ಮೇಲೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಒಂದು ಚೂರು ಕನ್ನಡಿ ಕೂಡಿಸಿದ್ದಾರೆ. ದೊಡ್ಡವರು ಎದೆಗೆ ತೂಗಿಕೊಳ್ಳುತ್ತಿದ್ದ ಕನ್ನಡಿಯ ಪುಟ್ಟ ರೂಪ. ಅವಳನ್ನು ಅಲ್ಲಿ ಇಟ್ಟವರಿಗೆ ಅಷ್ಟು ಸಣ್ಣದರಲ್ಲೂ ಕನ್ನಡಿ ಹೊಳೆಯಬೇಕಿತ್ತು.

ಇಟ್ಟ ಜಾಗದಲ್ಲೇ ಸಿಗುವ ಈ ಭಾಗ್ಯ ಎಲ್ಲ ಬೊಂಬೆಗಳಿಗೂ ಇಲ್ಲ. ಗೆರೆರೊ ರಾಜ್ಯದ ಮೆಸ್ಕಾಲಾ ಬೊಂಬೆಗಳನ್ನೇ ನೋಡಿ. ಕೊಡಲಿಕಲ್ಲಿನಂಥ ಕಲ್ಲಿಗೆ ಕೆಳಗೊಂದು ಸೀಳು ಕೊಟ್ಟರೆ ಕಾಲು, ಓರೆಯಾಗಿ ಎರಡು ಗೆರೆ ಎಳೆದರೆ ಕೈ. ಅಷ್ಟರಲ್ಲೇ ಮನುಷ್ಯ ಎದ್ದು ನಿಲ್ಲುತ್ತಾನೆ. ಇಂಥ ಚೆಲುವು ಅಪರೂಪ. ಆದರೆ ಜಗತ್ತಿನ ಮ್ಯೂಸಿಯಂಗಳಲ್ಲಿರುವ ಮೆಸ್ಕಾಲಾ ಬೊಂಬೆಗಳಲ್ಲಿ ಹೆಚ್ಚಿನವು ಕಳ್ಳ ಅಗೆತದಿಂದ ಬಂದವು. ಕಲ್ಲಿಗೆ ತನ್ನ ವಯಸ್ಸು ಹೇಳಲು ಬಾರದು. ಇಂಗಾಲದ ಕಾಲಗಣನೆ ನಡೆಯುವುದು ಪಕ್ಕದಲ್ಲಿ ಬಿದ್ದ ಇದ್ದಿಲು, ಬೀಜ, ಮೂಳೆಯ ಮೇಲೆ. ಕಳ್ಳ ಅದನ್ನೆಲ್ಲ ಬಿಸಾಡಿ ಬೊಂಬೆ ಮಾತ್ರ ತರುತ್ತಾನೆ. ಹಾಗೆ ಬಂದದ್ದರ ಕಾಲ ಹೇಳುವುದು ಕಷ್ಟ, ಅದರ ನಡುವೆ ನಕಲಿಯೂ ಸುಲಭವಾಗಿ ಸೇರಿಕೊಳ್ಳುತ್ತದೆ. ಇದು ನನಗೆ ನಿಜವಾಗಿಯೂ ಸಂಕಟ ಕೊಡುತ್ತದೆ. ಬೊಂಬೆ ಗಾಜಿನ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿಯೇ ಇದೆ. ಹೋದದ್ದು ಅದರ ಅಕ್ಕಪಕ್ಕ.

ಅಜ್ಟೆಕರೂ ಹಳೆಯ ವಸ್ತುಗಳನ್ನು ಕಿತ್ತು ತಂದವರೇ. ಮೆಕ್ಸಿಕೊ ನಗರದಲ್ಲಿ 1978ರಿಂದ ಎಡ್ವಾರ್ಡೊ ಮಾತೊಸ್ ಮೊಕ್ತೆಸುಮಾ ಅವರ ಮುಂದಾಳತ್ವದಲ್ಲಿ ಟೆಂಪ್ಲೊ ಮಯೋರ್ ದೇಗುಲವನ್ನು ಅಗೆದಾಗ ಅರ್ಪಣೆಗಳ ನಡುವೆ ಮೆಸ್ಕಾಲಾ ಬೊಂಬೆಗಳು, ಮುಖವಾಡಗಳು ರಾಶಿ ರಾಶಿ ಸಿಕ್ಕವು. ಒಂದರಲ್ಲಿ ಸುಮಾರು 10 ಸೆಂಟಿಮೀಟರ್ ಎತ್ತರದ ಓಲ್ಮೆಕ್ ಮುಖವಾಡವೂ ಇತ್ತು. ಹೂಳುವ ಹೊತ್ತಿಗೇ ಅದಕ್ಕೆ ಸುಮಾರು ಎರಡು ಸಾವಿರ ವರ್ಷ ವಯಸ್ಸು. ಆದರೆ ಅವರು ಅದನ್ನು ತಮ್ಮ ದೇಗುಲದ ಬುಡದಲ್ಲಿ, ತಮ್ಮ ವಸ್ತುಗಳ ನಡುವೆ, ಜಾಗ ನೋಡಿ ಇಟ್ಟರು. ಹಾಗಾಗಿ ಅದಕ್ಕೆ ಎರಡನೆಯ ಕತೆಯೊಂದು ಸಿಕ್ಕಿತು.

1965ರಲ್ಲಿ ವೆರಾಕ್ರೂಸ್‌ನ ಲಾಸ್ ಲಿಮಾಸ್ ಹಳ್ಳಿಯಲ್ಲಿ ಇಬ್ಬರು ಮಕ್ಕಳಿಗೆ ಕಾಯಿ ಒಡೆಯಲು ಒಂದು ನುಣುಪು ಕಲ್ಲು ಸಿಕ್ಕಿತು. ಸುತ್ತ ಕೆದಕಿದರೆ ಅದು ಓಲ್ಮೆಕರು ಮಾಡಿದ, 55 ಸೆಂಟಿಮೀಟರ್ ಎತ್ತರದ ಹಸಿರು ಕಲ್ಲಿನ ಹುಡುಗ, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡವನು. ಊರವರು ಅದನ್ನು ಮೇರಿ ಮಾತೆ ಎಂದೇ ತಿಳಿದು ಪೂಜಿಸಿದರು. 1970ರಲ್ಲಿ ಹಲಾಪಾದ ಮ್ಯೂಸಿಯಂನಿಂದ ಕಳುವಾಗಿ, ಅಮೆರಿಕದ ಟೆಕ್ಸಾಸ್‌ನ ಒಂದು ಮೋಟೆಲಿನಲ್ಲಿ ಪತ್ತೆಯಾಗಿ ಹಿಂದಿರುಗಿತು.

ನಮ್ಮ 16 ಮಂದಿ ಈಗ ಇರುವುದು ಮೆಕ್ಸಿಕೊ ನಗರದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ. ಅವರನ್ನು ಸಾಲಾಗಿ ಕಪಾಟಿನಲ್ಲಿ ಇಟ್ಟಿಲ್ಲ. ಮರಳು ಹಾಸಿ, 1955ರ ಫೋಟೋಗಳಲ್ಲಿ ಇದ್ದ ಹಾಗೆಯೇ ನಿಲ್ಲಿಸಿದ್ದಾರೆ. ಹಿಂದೆ ಆರು ಕೊಡಲಿಕಲ್ಲು, ಮುಂದೆ ಹದಿನೈದು ಮಂದಿ, ಅವರ ಎದುರು ಮುಖ ಸವೆದ ಆ ಒಬ್ಬ.